ಲಿವಿಯಾಳ ಕಲ್ಲಿನ ಮೂರ್ತಿ

ಫ್ರಾನ್ಸ್ ದೇಶದ ರಾಜಧಾನಿ ಪ್ಯಾರಿಸ್. ಅಲ್ಲಿ ಲೂವ್ರ್ ಎಂಬ ದೊಡ್ಡ ವಸ್ತು ಸಂಗ್ರಹಾಲಯ ಇದೆ. ಅದರೊಳಗೆ ಒಬ್ಬ ಹೆಂಗಸಿನ ಮೂರ್ತಿ ಇದೆ. ಅಮೃತಶಿಲೆಯಲ್ಲಿ ಕಡೆದ ಮೂರ್ತಿ ಅದು. ಎತ್ತರ ಸುಮಾರು 8 ಅಡಿ. ಒಂದು ಕೈಯಲ್ಲಿ ಗೋಧಿ ತೆನೆ. ಇನ್ನೊಂದು ಕೈಯಲ್ಲಿ ಹಣ್ಣು ತುಂಬಿದ ಕೊಂಬು. ರೋಮ್ ಜನ ಬೆಳೆ ಕೊಡುವ ದೇವತೆಯನ್ನು ಹೀಗೆ ತೋರಿಸುತ್ತಿದ್ದರು. ಆದರೆ ಮುಖ ಮಾತ್ರ ದೇವತೆಯದಲ್ಲ. ನಮ್ಮ ನಿಮ್ಮ ಹಾಗೆ ಬಾಳಿ ಬದುಕಿದ ಹೆಂಗಸಿನದು.

ಯಾರು ಈಕೆ?

ಈಕೆ ಲಿವಿಯಾ. ರೋಮ್‌ನ ಮೊದಲ ಚಕ್ರವರ್ತಿ ಅಗಸ್ಟಸ್‌ನ ಹೆಂಡತಿ. ಸುಮಾರು 2000 ವರ್ಷದ ಹಿಂದೆ ಇದ್ದವಳು. ಕ್ರಿಸ್ತಶಕ 29ರಲ್ಲಿ ತೀರಿಕೊಂಡಳು. ಆಗ ಅವಳ ಮಗ ಟೈಬೀರಿಯಸ್ ಚಕ್ರವರ್ತಿಯಾಗಿದ್ದ.

ಇವಳ ಮೂರ್ತಿಗಳು ಬೇರೆ ಊರುಗಳಲ್ಲೂ ಸಿಕ್ಕಿವೆ. ಕೆಲವು ಮೂರ್ತಿಗಳಲ್ಲಿ ಹೆಸರು ಕೆತ್ತಿದ ಪೀಠ ಉಳಿದಿಲ್ಲ. ಹಾಗಾದರೆ ಗುರುತು ಹಿಡಿಯೋದು ಹೇಗೆ? ಮುಖ ನೋಡುತ್ತಾರೆ. ತಲೆ ಬಾಚಿದ ರೀತಿ ನೋಡುತ್ತಾರೆ. ಲಿವಿಯಾಳ ಹಲವು ಮೂರ್ತಿಗಳಲ್ಲಿ ಹಣೆಯ ಮೇಲೆ ಕೂದಲನ್ನು ಉಬ್ಬಿಸಿ ಕಟ್ಟಿರುತ್ತದೆ.

ಈಗ ಈ ಕಲ್ಲು ಬರೀ ಬಿಳಿ. ಆಗ ಹಾಗಿರಲಿಲ್ಲ. ರೋಮ್ ಜನ ಮೂರ್ತಿಗಳಿಗೆ ಬಣ್ಣ ಹಚ್ಚುತ್ತಿದ್ದರು. ಕಣ್ಣು, ತುಟಿ, ಕೂದಲು, ಬಟ್ಟೆ ಎಲ್ಲಕ್ಕೂ ಬಣ್ಣ. ಕಾಲ ಕಳೆದ ಹಾಗೆ ಬಣ್ಣ ಹೋಯಿತು.

ಮೂರ್ತಿಯ ಜೊತೆ ಬಂದ ಹಕ್ಕು

ಆ ಕಾಲದಲ್ಲಿ ರೋಮ್‌ನ ಹೆಣ್ಣುಮಕ್ಕಳಿಗೂ ತಂದೆಯ ಆಸ್ತಿಯಲ್ಲಿ ಪಾಲು ಬರುತ್ತಿತ್ತು. ಆದರೆ ಒಂದು ಕಟ್ಟಳೆ ಇತ್ತು. ತಂದೆ ಸತ್ತ ಮೇಲೆ ಹೆಣ್ಣಿನ ಆಸ್ತಿಗೆ ಒಬ್ಬ ಗಂಡಸು ಮೇಲ್ವಿಚಾರಕ. ಹೊಲ ಮಾರಬೇಕೇ? ಉಯಿಲು ಬರೆಯಬೇಕೇ? ಅವನು ಹೂಂ ಅನ್ನಬೇಕು. ಅವಳು ಎಷ್ಟೇ ಬುದ್ಧಿವಂತೆ ಆಗಿರಲಿ, ವಯಸ್ಸು ಎಷ್ಟೇ ಆಗಿರಲಿ, ಅವನ ಒಪ್ಪಿಗೆ ಬೇಕೇ ಬೇಕು.

ಕ್ರಿಸ್ತಪೂರ್ವ 35ರಲ್ಲಿ ಇಬ್ಬರು ಹೆಂಗಸರಿಗೆ ಇದರಿಂದ ಬಿಡುಗಡೆ ಸಿಕ್ಕಿತು. ಒಬ್ಬಳು ಲಿವಿಯಾ. ಇನ್ನೊಬ್ಬಳು ಅವಳ ನಾದಿನಿ ಆಕ್ಟೇವಿಯಾ. ಅವರಿಗೆ ಮೂರು ಗೌರವ ಕೊಟ್ಟರು. ಅವರ ಮೂರ್ತಿ ನಿಲ್ಲಿಸಬಹುದು. ಅವರನ್ನು ಯಾರೂ ಅವಮಾನ ಮಾಡುವಂತಿಲ್ಲ. ಅವರ ಆಸ್ತಿಯನ್ನು ಅವರೇ ನೋಡಿಕೊಳ್ಳಬಹುದು, ಮೇಲ್ವಿಚಾರಕ ಬೇಡ. ಡಿಯೊ ಎಂಬ ಇತಿಹಾಸಕಾರ ಇದನ್ನು ಬರೆದಿಟ್ಟಿದ್ದಾನೆ.

ಇವರಿಬ್ಬರೂ ದೊರೆಯ ಮನೆಯವರು. ಉಳಿದ ಹೆಂಗಸರ ಗತಿ ಏನು? ಅಗಸ್ಟಸ್ ಆಮೇಲೆ ಹೊಸ ಕಾನೂನು ತಂದ. ಮೂರು ಮಕ್ಕಳನ್ನು ಹೆತ್ತವಳಿಗೆ ಮೇಲ್ವಿಚಾರಕ ಬೇಡ ಎಂದಾಯಿತು. ಗುಲಾಮಗಿರಿಯಿಂದ ಬಿಡುಗಡೆ ಆದವಳಾದರೆ ನಾಲ್ಕು ಮಕ್ಕಳು ಬೇಕು. ಇನ್ನೂ ಗುಲಾಮಳಾಗಿದ್ದವಳಿಗೆ ಆಸ್ತಿಯ ಹಕ್ಕೇ ಇಲ್ಲ.

ಹೀಗೆ ಹಕ್ಕು ಮೊದಲು ಅರಮನೆಗೆ ಬಂತು. ಆಮೇಲೆ ಮಕ್ಕಳನ್ನು ಹೆತ್ತವರಿಗೆ ಬಂತು. ಎಲ್ಲ ಹೆಂಗಸರಿಗೂ ಒಟ್ಟಿಗೆ ಬರಲಿಲ್ಲ. ಲಿವಿಯಾಳ ಮೂರ್ತಿ ನೋಡುವಾಗ ಈ ಮಾತೂ ನೆನಪಿರಲಿ.

ಅಕ್ಕಂದಿರೇ, ಕೂತು ಮಾತಾಡಿ

1. ಹೊಲ ಹೆಂಗಸಿನ ಹೆಸರಿನಲ್ಲಿದೆ. ಮಾರುವ, ಉಳಿಸುವ ಮಾತು ಬೇರೆಯವರದು. ಆಗ ಆ ಹೊಲ ಅವಳದು ಅನ್ನಬಹುದೇ?
2. ಲಿವಿಯಾಳಿಗೆ ಸಿಕ್ಕ ಮೂರು ಗೌರವಗಳಲ್ಲಿ ಯಾವುದು ದೊಡ್ಡದು? ಯಾಕೆ?