ಈಗ ಜಗಲಿ, ಆಗ ಇಡೀ ಮನೆ

ನಾರ್ವೆಯ ಟೆಲೆಮಾರ್ಕ್ ಸೀಮೆಯಲ್ಲಿ ನೋಟೊಡೆನ್ ಎಂಬ ಊರಿದೆ. ನೂರು ವರ್ಷದ ಹಿಂದೆ ಗಾಳಿಯಲ್ಲಿನ ಸಾರಜನಕವನ್ನು ಹಿಡಿದು ಗೊಬ್ಬರ ಮಾಡಿದ ಊರು ಅದು. ಆ ಹಳೆಯ ಕಾರ್ಖಾನೆಗಳಿಗೆ 2015ರಲ್ಲಿ ಯುನೆಸ್ಕೊ ಪಟ್ಟಿಯಲ್ಲಿ ಜಾಗವೂ ಸಿಕ್ಕಿತು. ಹೊರಗಿನವರು ಅಲ್ಲಿಗೆ ಹೋಗುವುದು ಕಾರ್ಖಾನೆ ನೋಡಲು, ಇಲ್ಲವೇ ಬೇಸಿಗೆಯ ಬ್ಲೂಸ್ ಸಂಗೀತೋತ್ಸವಕ್ಕೆ. ಚಳಿಗಾಲದಲ್ಲಿ ಅಲ್ಲಿನ ಟ್ವೈಟನ್ ಗುಡ್ಡಕ್ಕೆ ಬರುವವರು ಬೇರೆ. ಹೆಗಲ ಮೇಲೆ ಎರಡೂಕಾಲು ಮೀಟರ್ ಉದ್ದದ ಸ್ಕೀ ಹಲಗೆ ಹೊತ್ತ ಹದಿನಾರು ಹದಿನೇಳರ ಹುಡುಗಿಯರು, ಅವರ ಹಿಂದೆ ಕೋಚ್‌ಗಳು. ಮಹಿಳೆಯರ ಸ್ಕೀ ಜಂಪಿಂಗ್ ಕಾಂಟಿನೆಂಟಲ್ ಕಪ್ ಎಷ್ಟೋ ಡಿಸೆಂಬರ್‌ಗಳಲ್ಲಿ ಇಲ್ಲಿ ನಡೆದಿದೆ.

ವಿಶ್ವಕಪ್ ಮೊದಲ ದರ್ಜೆಯಾದರೆ ಇದು ಎರಡನೆಯದು. ನಮ್ಮಲ್ಲಿ ರಣಜಿ ಆಡುವವರ ಕಣ್ಣು ಇಂಡಿಯಾ ಟೀಮಿನ ಮೇಲಿರುವ ಹಾಗೆ ಇಲ್ಲಿಯವರ ಕಣ್ಣು ವಿಶ್ವಕಪ್ ಮೇಲೆ. ಇಡೀ ಋತುವಿಗೆ ಊರುಗಳು ಕೈಬೆರಳಲ್ಲಿ ಎಣಿಸುವಷ್ಟೇ. ನಾರ್ವೆಯ ನೋಟೊಡೆನ್, ರೆನಾ, ಸ್ಲೊವೇನಿಯಾದ ಪ್ಲಾನಿತ್ಸಾ, ಜರ್ಮನಿಯ ತುರಿಂಗಿಯಾ ಕಾಡಿನ ಬ್ರೊಟೆರೋಡ, ಹೀಗೆ. ಹಿಮ ಬೀಳದಿದ್ದರೆ, ಗಾಳಿ ಮುನಿದರೆ ಅದರಲ್ಲೂ ಒಂದೆರಡು ಕಳಚಿಕೊಳ್ಳುತ್ತವೆ. ಗೆದ್ದವಳಿಗೆ 100 ಅಂಕ, ಎರಡನೆಯವಳಿಗೆ 80, ಮೂರನೆಯವಳಿಗೆ 60. ಇಳಿಯುತ್ತ ಇಳಿಯುತ್ತ ಮೂವತ್ತನೆಯವಳಿಗೆ 1. ಆ ಒಂದು ಅಂಕದ ಬೆಲೆ ಮೂವತ್ತೊಂದನೆಯವಳಿಗೆ ಗೊತ್ತು.

ನಾನು ಈ ಕಪ್‌ನ ಬೆನ್ನು ಹತ್ತಿದ್ದು ಇಂದಿನ ಹುಡುಗಿಯರಿಗಾಗಿ ಅಲ್ಲ. ಒಂದು ಹೆಸರಿಗಾಗಿ, ಅದೂ ಇಲ್ಲದ ಹೆಸರಿಗಾಗಿ. 2014ರ ಫೆಬ್ರವರಿ 11, ನಮ್ಮಲ್ಲಿ ರಾತ್ರಿ ಹನ್ನೊಂದು. ಸೋಚಿ ಒಲಿಂಪಿಕ್ಸ್‌ನಲ್ಲಿ ಹೆಂಗಸರು ಮೊದಲ ಬಾರಿಗೆ ಸ್ಕೀ ಜಂಪಿಂಗ್‌ಗೆ ಇಳಿಯಲಿದ್ದರು. ಮನೆಯವರೆಲ್ಲ ಮಲಗಿದ ಮೇಲೆ ದನಿ ಸಣ್ಣದು ಮಾಡಿಕೊಂಡು ಟಿವಿ ಮುಂದೆ ಕೂತಿದ್ದೆ. ಎದೆಗೆ 1ನೇ ನಂಬರ್ ಕಟ್ಟಿಕೊಂಡು ಅಮೆರಿಕದ ಸಾರಾ ಹೆಂಡ್ರಿಕ್ಸನ್ ಹಾರಿದಳು. ಜರ್ಮನಿಯ ಕಾರಿನಾ ಫೋಗ್ಟ್ ಚಿನ್ನ ಗೆದ್ದಳು. ನಾರ್ವೆಯ ನಾಲ್ವರೂ ಹಾರಿದರು. ಆ ನಾಲ್ವರಲ್ಲಿ ಅನೆಟ್ಟೆ ಸಾಗೆನ್ ಇರಲಿಲ್ಲ.

ಸಾಗೆನ್ ಹುಟ್ಟಿದ್ದು 1985ರಲ್ಲಿ, ನಾರ್ವೆಯ ಉತ್ತರ ಭಾಗದ ಮೂಶೋಯೆನ್‌ನಲ್ಲಿ. 2004ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ವಿಕೆರ್‌ಸುಂಡ್‌ನ ದೈತ್ಯ ಗುಡ್ಡದಿಂದ ಹಾರಲು ಅವರು ಅವಕಾಶ ಕೇಳಿದರು. ಸ್ಪರ್ಧಿಸುವುದಕ್ಕಲ್ಲ, ಸ್ಪರ್ಧೆಗೆ ಮುಂಚೆ ಗುಡ್ಡ ಹೇಗಿದೆ ಎಂದು ಹಾರಿ ನೋಡುವವರ ಸಾಲಿನಲ್ಲಿ ಒಂದು ಜಾಗ, ಅಷ್ಟೇ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟದ ಜಿಗಿತ ಸಮಿತಿಯಲ್ಲಿ ಆಗ ಮಾತು ನಡೆಯುತ್ತಿದ್ದುದು ಟೋರ್‌ಬ್ಯೋರ್ನ್ ಇಗ್ಗೆಸೆತ್ ಅವರದು. ಅವರೂ ನಾರ್ವೆಯವರೇ, ಒಂದು ಕಾಲದ ಜಿಗಿತಗಾರ. ಅವರು ಒಪ್ಪಲಿಲ್ಲ. ಊರೆಲ್ಲ ಗಲಾಟೆಯಾಯಿತು, ಪತ್ರಿಕೆಗಳು ಬಿಡಲಿಲ್ಲ. ಕೊನೆಗೆ ಅದೇ ವರ್ಷ ಆ ಗುಡ್ಡ ಅವರಿಗೆ ತೆರೆಯಿತು. ಸಾಗೆನ್ 170 ಮೀಟರ್ ದಾಟಿ ಹೋಗಿ, ಎರಡು ಕಾಲ ಮೇಲೆ ನಿಂತೇ ಇಳಿದರು.

ಹೆಂಗಸರ ಕಾಂಟಿನೆಂಟಲ್ ಕಪ್ ಶುರುವಾದದ್ದು ಇದರ ಬೆನ್ನಿಗೇ, 2004-05ರ ಋತುವಿನಲ್ಲಿ. ಇಲ್ಲಿ ಒಂದು ಮಾತು ನೆನಪಿಡಬೇಕು. ಆಗ ಹೆಂಗಸರಿಗೆ ವಿಶ್ವಕಪ್ ಎಂಬುದೇ ಇರಲಿಲ್ಲ. ಈಗ ಜಗಲಿಯಾಗಿರುವ ಕಪ್ ಆಗ ಇಡೀ ಮನೆ. ಜಗತ್ತಿನ ಅತ್ಯುತ್ತಮರೆಲ್ಲ ಹಾರುತ್ತಿದ್ದುದು ಇದರಲ್ಲೇ. ಸಾಗೆನ್ ಜೊತೆ ಅಮೆರಿಕದ ಲಿಂಡ್ಸೆ ವ್ಯಾನ್, ಜರ್ಮನಿಯ ಉಲ್ರಿಕೆ ಗ್ರೇಸ್ಲರ್, ಇವರೆಲ್ಲರಿಗಿಂತ ಮುಂಚೆ 2003ರಲ್ಲೇ ಕುಲ್ಮ್ ಗುಡ್ಡದಿಂದ 200 ಮೀಟರ್ ಮುಟ್ಟಿದ್ದ ಆಸ್ಟ್ರಿಯಾದ ಡೇನಿಯೆಲಾ ಇರಾಷ್ಕೊ. ಋತುವಿನ ಒಟ್ಟಾರೆ ಪಟ್ಟಿಯ ತುದಿಯಲ್ಲಿ ವರ್ಷದ ಮೇಲೆ ವರ್ಷ ಸಾಗೆನ್ ಹೆಸರೇ.

ಅದೇ ಹೊತ್ತಿಗೆ, 2005ರಲ್ಲಿ, ಒಕ್ಕೂಟದ ಅಧ್ಯಕ್ಷ ಜಿಯಾನ್-ಫ್ರಾಂಕೊ ಕಾಸ್ಪರ್ ರೇಡಿಯೊದಲ್ಲಿ ಒಂದು ಮಾತು ಆಡಿದರು. ಎರಡು ಮೀಟರ್ ಎತ್ತರದಿಂದ ವರ್ಷಕ್ಕೆ ಸಾವಿರ ಸಲ ನೆಲಕ್ಕೆ ಧುಮುಕಿದ ಹಾಗಾಗುತ್ತದೆ, ವೈದ್ಯಕೀಯವಾಗಿ ಇದು ಹೆಂಗಸರಿಗೆ ಸರಿಹೋಗುವಂತೆ ಕಾಣುವುದಿಲ್ಲ ಎಂಬ ಅರ್ಥದ್ದು. ಅಷ್ಟು ಹೊತ್ತಿಗಾಗಲೇ ಸುಮಾರು ನೂರನಲವತ್ತು ವರ್ಷದಿಂದ ಹೆಂಗಸರು ಅಲ್ಲೊಬ್ಬರು ಇಲ್ಲೊಬ್ಬರು ಹಾರುತ್ತಲೇ ಬಂದಿದ್ದರು. 1911ರಲ್ಲಿ ಆಸ್ಟ್ರಿಯಾದ ಕಿಟ್ಸ್‌ಬ್ಯೂಲ್‌ನಲ್ಲಿ ಪೌಲಾ ಲಾಂಬರ್ಗ್ ಎಂಬ ಕುಲೀನ ಮನೆತನದ ಹೆಣ್ಣುಮಗಳು ಉದ್ದ ಲಂಗ ಉಟ್ಟೇ 22 ಮೀಟರ್ ಹಾರಿದ್ದರು. ಲಂಗ ಉಟ್ಟು!

ಇನ್ನು ಹಾರುವುದು ಹೇಗೆ ಎಂಬುದಕ್ಕೆ ಬರೋಣ. ಗುಡ್ಡದ ನೆತ್ತಿಯಲ್ಲಿ ಜಾರುದಾರಿಗೆ ಅಡ್ಡವಾಗಿ ಒಂದು ತೊಲೆ. ಹುಡುಗಿ ಅದರ ಮೇಲೆ ಅಂಚಿನಲ್ಲಿ ಕೂರುತ್ತಾಳೆ, ಹಿಮ್ಮಡಿಯ ಬಿಗಿ ನೋಡಿಕೊಳ್ಳುತ್ತಾಳೆ, ಕನ್ನಡಕ ಸರಿಮಾಡಿಕೊಳ್ಳುತ್ತಾಳೆ. ಕೆಂಪು ದೀಪ ಹಳದಿಯಾಗುತ್ತದೆ, ಹಳದಿ ಹಸಿರಾಗುತ್ತದೆ. ಕೆಳಗೆ ಕೋಚ್‌ಗಳ ಅಟ್ಟಣಿಗೆಯಲ್ಲಿ ಅವಳ ಕೋಚ್ ಬಾವುಟ ಎತ್ತಿ ಹಿಡಿದು ಗಾಳಿಗೆ ಕಾಯುತ್ತಾನೆ. ಹಸಿರು ಇರುವುದು ಕೆಲವೇ ಸೆಕೆಂಡ್. ಬಾವುಟ ಕೆಳಗಿಳಿದ ಕೂಡಲೇ ತೊಲೆ ಬಿಡಬೇಕು. ಆಮೇಲೆ ಗಂಟೆಗೆ ಎಂಬತ್ತು, ತೊಂಬತ್ತು ಕಿಲೋಮೀಟರ್ ವೇಗ. ಜಾರುದಾರಿಯ ತುದಿ ಮೇಲಕ್ಕೆ ಬಾಗಿರುತ್ತದೆ ಎಂದೇ ನಾನು ಬಹಳ ಕಾಲ ಅಂದುಕೊಂಡಿದ್ದೆ. ಅದು ನಿಜಕ್ಕೂ ಕೆಳಮುಖ. ಮೇಲಕ್ಕೇರಿಸುವುದು ಗುಡ್ಡವಲ್ಲ, ಕಾಲು.

ಗಾಳಿಯಲ್ಲಿ ಎರಡು ಹಲಗೆಗಳನ್ನು ವಿ ಆಕಾರಕ್ಕೆ ಅಗಲಿಸಿ, ಮೈಯನ್ನು ಮುಂದಕ್ಕೆ ಚೆಲ್ಲಿ ಮಲಗಿದಂತೆ ಸಾಗಬೇಕು. ಎದುರುಗಾಳಿ ಇಲ್ಲಿ ನೆಂಟ, ಹಿಂದಿನಿಂದ ಬೀಸುವುದು ಶನಿ. ಗಾಳಿಯ ನ್ಯಾಯ ಅನ್ಯಾಯಕ್ಕೆ ಅಂಕ ಕೂಡಿಸುವ, ಕಳೆಯುವ ಲೆಕ್ಕವೂ ಈಗಿದೆ. ಅದನ್ನು ವಿವರಿಸಹೊರಟರೆ ಈ ಪುಟ ಸಾಲದು. ನೋಟೊಡೆನ್‌ನಂಥ ಗುಡ್ಡದಲ್ಲಿ 90 ಮೀಟರ್ ಮುಟ್ಟಿದರೆ 60 ಅಂಕ, ಅದರಾಚೆ ಮೀಟರಿಗೆ ಎರಡರಂತೆ ಹೆಚ್ಚು. ಅಂದಕ್ಕೆ ಐವರು ತೀರ್ಪುಗಾರರು 20ರಲ್ಲಿ ಅಂಕ ಕೊಡುತ್ತಾರೆ. ಅತಿ ಹೆಚ್ಚಿನದು, ಅತಿ ಕಡಿಮೆಯದು ಎರಡನ್ನೂ ಬಿಟ್ಟು ಉಳಿದ ಮೂರನ್ನು ಕೂಡುತ್ತಾರೆ. ಇಳಿಯುವಾಗ ಒಂದು ಕಾಲು ಮುಂದಿಟ್ಟು, ಮಂಡಿ ಬಾಗಿಸಿ, ಕೈ ಚಾಚಿ ನಿಲ್ಲುವ ಭಂಗಿಗೆ ಟೆಲೆಮಾರ್ಕ್ ಎಂದೇ ಹೆಸರು. ಅದು ಇದೇ ಸೀಮೆಯ ಹೆಸರು. ಇಲ್ಲಿನ ಮೊರ್ಗೆಡಾಲ್‌ನ ಸೊಂಡ್ರೆ ನೋರ್‌ಹೈಮ್‌ರನ್ನು ಆಧುನಿಕ ಸ್ಕೀ ಆಟದ ಮೂಲಪುರುಷ ಎನ್ನುತ್ತಾರೆ. ನೋಟೊಡೆನ್‌ನಲ್ಲಿ ಕಾಲು ತಪ್ಪಿಸಿ ಇಳಿದರೆ ತವರುಮನೆಯಲ್ಲೇ ಎಡವಿದ ಹಾಗೆ.

ಸಾಗೆನ್ ಕಥೆ ಇನ್ನೂ ಮುಗಿದಿಲ್ಲ. 2009ರ ಫೆಬ್ರವರಿಯಲ್ಲಿ ಚೆಕ್ ಗಣರಾಜ್ಯದ ಲಿಬೆರೆಟ್ಸ್‌ನಲ್ಲಿ ಹೆಂಗಸರಿಗೆ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಲಿಂಡ್ಸೆ ವ್ಯಾನ್‌ಗೆ ಚಿನ್ನ, ಗ್ರೇಸ್ಲರ್‌ಗೆ ಬೆಳ್ಳಿ, ಸಾಗೆನ್‌ಗೆ ಕಂಚು. ಮೂವರೂ ಕಾಂಟಿನೆಂಟಲ್ ಕಪ್‌ನಲ್ಲಿ ಬೆಳೆದವರು. ಮರುವರ್ಷ ವ್ಯಾಂಕೂವರ್ ಒಲಿಂಪಿಕ್ಸ್. ಅಲ್ಲಿನ ಸಣ್ಣ ಗುಡ್ಡದಲ್ಲಿ ಗಂಡಸರೂ ಸೇರಿದಂತೆ ಎಲ್ಲರಿಗಿಂತ ದೂರ ಹಾರಿದ ದಾಖಲೆ ಒಲಿಂಪಿಕ್ಸ್‌ಗೆ ಮುನ್ನ ವ್ಯಾನ್ ಹೆಸರಿನಲ್ಲಿತ್ತು. ಒಲಿಂಪಿಕ್ಸ್‌ನಲ್ಲಿ ಮಾತ್ರ ಹೆಂಗಸರಿಗೆ ಸ್ಪರ್ಧೆಯೇ ಇಲ್ಲ. ಆಟಗಾರ್ತಿಯರು ಕೋರ್ಟಿಗೆ ಹೋದರು. ಇದು ತಾರತಮ್ಯ ಹೌದು, ಆದರೆ ಒಲಿಂಪಿಕ್ ಸಮಿತಿಗೆ ಕೆನಡಾದ ಕಾನೂನು ತಗಲುವುದಿಲ್ಲ ಎಂದು 2009ರ ಜುಲೈನಲ್ಲಿ ನ್ಯಾಯಾಧೀಶೆ ತೀರ್ಪು ಕೊಟ್ಟರು. ರೋಗ ಇರುವುದು ನಿಜ, ಮದ್ದು ನಮ್ಮಲ್ಲಿಲ್ಲ ಎಂದ ಹಾಗೆ.

2010ರ ಮಾರ್ಚ್ 3. ಓಸ್ಲೊದ ಹೊಲ್ಮೆನ್‌ಕೊಲೆನ್ ಗುಡ್ಡ ನಾರ್ವೆಯವರ ಪಾಲಿಗೆ ದೇವಸ್ಥಾನವಿದ್ದಂತೆ. 1892ರಿಂದ ಅಲ್ಲಿ ಸ್ಪರ್ಧೆ ನಡೆಯುತ್ತಿದೆ. ಹಳೆಯದನ್ನು ಕೆಡವಿ ಉಕ್ಕಿನಲ್ಲಿ ಹೊಸದು ಕಟ್ಟಿದ್ದರು. ಅದರ ಮೊದಲ ಜಿಗಿತದ ಗೌರವ ಸಾಗೆನ್‌ಗೆ ಎಂದು ಗೊತ್ತಾಗಿತ್ತು. ಒಬ್ಬ ಹೆಣ್ಣುಮಗಳು ಆ ಗುಡ್ಡ ಉದ್ಘಾಟಿಸುವುದೆಂದರೆ ಆರು ವರ್ಷದ ಹಿಂದಿನ ವಿಕೆರ್‌ಸುಂಡ್‌ಗೆ ತಡವಾಗಿ ಬಂದ ಉತ್ತರ. ಆದರೆ ಹಿಂದಿನ ರಾತ್ರಿಯೇ, ಆಗ 239 ಮೀಟರ್‌ಗಳ ವಿಶ್ವದಾಖಲೆ ಇಟ್ಟುಕೊಂಡಿದ್ದ ಬ್ಯೋರ್ನ್ ಐನಾರ್ ರೊಮೋರೆನ್ ಸದ್ದಿಲ್ಲದೆ ಮೇಲೇರಿ ಹಾರಿಬಿಟ್ಟಿದ್ದರು. ಸುದ್ದಿ ಹೊರಗೆ ಬಂತು, ದೇಶವೇ ಮುಖ ಸಿಂಡರಿಸಿತು. ಮರುದಿನ ಸಾಗೆನ್ ಹಾರಿದರು. ಅಧಿಕೃತವಾಗಿ ಮೊದಲ ಜಿಗಿತ ಅವರದೇ. ನಮ್ಮ ಕಡೆ ಮದುವೆಮನೆಯಲ್ಲಿ ಪಂಕ್ತಿ ಬಡಿಸುವ ಮುಂಚೆಯೇ ಯಾರೋ ಒಳಗೆ ಹೋಗಿ ಉಂಡು ಬಂದರೆ ಏನನ್ನಬೇಕೋ ಅದನ್ನೇ ನಾನೂ ಅಂದುಕೊಂಡೆ.

2011ರ ಏಪ್ರಿಲ್‌ನಲ್ಲಿ ಒಲಿಂಪಿಕ್ ಸಮಿತಿ ಹೆಂಗಸರ ಜಿಗಿತಕ್ಕೆ ಒಪ್ಪಿತು. ಅದೇ ವರ್ಷ ಡಿಸೆಂಬರ್ 3ರಂದು ಲಿಲ್ಲೆಹಾಮರ್‌ನಲ್ಲಿ ಹೆಂಗಸರ ಮೊದಲ ವಿಶ್ವಕಪ್ ಸ್ಪರ್ಧೆ, ಗೆದ್ದವಳು ಹೆಂಡ್ರಿಕ್ಸನ್. ಆ ದಿನದಿಂದ ಕಾಂಟಿನೆಂಟಲ್ ಕಪ್ ಎರಡನೇ ದರ್ಜೆಯಾಯಿತು. ಒಳ್ಳೆಯ ಸುದ್ದಿಯೇ. ಜಪಾನಿನ ಸಾರಾ ತಕನಾಶಿ ಚಿಕ್ಕ ಹುಡುಗಿಯಾಗಿ ಈ ಕಪ್‌ನಲ್ಲಿ ಹಾರಿ, ಆಮೇಲೆ ವಿಶ್ವಕಪ್‌ನಲ್ಲಿ ಅರವತ್ತಕ್ಕೂ ಹೆಚ್ಚು ಸ್ಪರ್ಧೆ ಗೆದ್ದರು. ವಿಕೆರ್‌ಸುಂಡ್‌ನಲ್ಲಿ 2023ರಲ್ಲಿ ಹೆಂಗಸರಿಗೇ ಸ್ಪರ್ಧೆ ನಡೆಯಿತು. 2025ರಲ್ಲಿ ಅಲ್ಲೇ ಸ್ಲೊವೇನಿಯಾದ ನಿಕಾ ಪ್ರೆವ್ತ್ಸ್ 236 ಮೀಟರ್ ಹಾರಿದರು. ಹತ್ತೊಂಬತ್ತರ ಹುಡುಗಿಗೆ ಪರೀಕ್ಷಾ ಜಿಗಿತಕ್ಕೂ ಬೇಡ ಅಂದಿದ್ದ ಅದೇ ಗುಡ್ಡ.

ಮನೆ ದೊಡ್ಡದಾದಾಗ ಜಗಲಿಯಲ್ಲಿ ಕೂತವರನ್ನು ಮಾತಾಡಿಸುವವರು ಕಡಿಮೆಯಾಗುತ್ತಾರೆ. ಕಾಂಟಿನೆಂಟಲ್ ಕಪ್‌ಗೆ ಟಿವಿಯವರು ವಿಶ್ವಕಪ್‌ಗೆ ಬರುವಂತೆ ಬರುವುದಿಲ್ಲ. ಬೇಲಿಯಾಚೆ ನಿಂತವರಲ್ಲಿ ಹೆಚ್ಚಿನವರು ಅಪ್ಪ, ಅಮ್ಮ, ಕ್ಲಬ್ಬಿನವರು. ವಿಶ್ವಕಪ್ ತಂಡದಿಂದ ಬಿದ್ದ ಇಪ್ಪತ್ತಾರರ ಹೆಂಗಸು, ಮಂಡಿ ಶಸ್ತ್ರಚಿಕಿತ್ಸೆ ಮುಗಿಸಿ ಬಂದವಳು, ಮೊದಲ ಬಾರಿ ಪರದೇಶಕ್ಕೆ ಬಂದ ಹದಿನೈದರ ಹುಡುಗಿ, ಮೂವರೂ ಒಂದೇ ತೊಲೆಯ ಮೇಲೆ ಸರದಿಯಲ್ಲಿ ಕೂರುತ್ತಾರೆ.

ಕಪ್‌ನ ಹಳೆಯ ವಿಜೇತರ ಪಟ್ಟಿಯನ್ನು ಒಮ್ಮೆ ಮೇಲಿನಿಂದ ಕೆಳಗೆ ಓದಿದೆ. ಸಾಗೆನ್, ಸಾಗೆನ್, ಮತ್ತೆ ಸಾಗೆನ್, ಇರಾಷ್ಕೊ, ಆಮೇಲೆ ನಾನು ಕೇಳಿಯೇ ಇರದ ಹೆಸರುಗಳು. 2011ರ ಜಾಗದಲ್ಲಿ ಒಂದು ಗೆರೆಯಾದರೂ ಎಳೆದಿರುತ್ತಾರೆ ಅಂದುಕೊಂಡಿದ್ದೆ. ಎಳೆದಿರಲಿಲ್ಲ.