ತಾರೆಯ ಮೇಲೇಕೆ ಇಷ್ಟು ಮುನಿಸು?

ಅಂದು 2008ರ ಏಪ್ರಿಲ್ 18. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್‌ನ ಮೊಟ್ಟಮೊದಲ ಪಂದ್ಯ. ಕೋಲ್ಕತ್ತ ತಂಡದ ಬ್ರೆಂಡನ್ ಮೆಕ್ಲಮ್ ಒಬ್ಬರೇ 158 ರನ್ ಚಚ್ಚಿದರು. ರಾಯಲ್ ಚಾಲೆಂಜರ್ಸ್‌ನ ಹನ್ನೊಂದೂ ಮಂದಿ ಸೇರಿ ಗಳಿಸಿದ್ದು ಬರೀ 82. ನಾಯಕ ರಾಹುಲ್ ದ್ರಾವಿಡ್ ಗಳಿಕೆ 2!

ಅಲ್ಲಿಂದ ಶುರುವಾಯಿತು ಅಭಿಮಾನಿಗಳ ಗೊಣಗಾಟ. ‘ಇದು ಟೆಸ್ಟ್ ತಂಡ’ ಎಂಬ ಕುಹಕ ಬೇರೆ. 14 ಪಂದ್ಯಗಳಲ್ಲಿ ಗೆದ್ದದ್ದು ನಾಲ್ಕೇ. ಎಂಟು ತಂಡಗಳಲ್ಲಿ ಏಳನೆಯ ಸ್ಥಾನ. ದೂರು ಪೂರ್ತಿ ಸುಳ್ಳೇನಲ್ಲ. ಇಪ್ಪತ್ತು ಓವರುಗಳ ಆಟದ ವೇಗಕ್ಕೆ ತಂಡ ಒಗ್ಗಿರಲಿಲ್ಲ. ಆದರೆ ಸಿಟ್ಟಿಳಿದ ಮೇಲೆ ಲೆಕ್ಕ ತೆಗೆದರೆ ಕಂಡದ್ದೇ ಬೇರೆ. ಆ ವರ್ಷ ತಂಡದ ಪರ ಅತಿ ಹೆಚ್ಚು ರನ್ ಗಳಿಸಿದವರು ಇದೇ ದ್ರಾವಿಡ್: 371.

ಇಂಥ ಮಾತು ಅವರಿಗೆ ಹೊಸದಲ್ಲ. ನಿಧಾನದ ಆಟಗಾರನೆಂಬ ಆಪಾದನೆ ಹೊತ್ತು 1998ರಲ್ಲಿ ಏಕದಿನ ತಂಡದಿಂದ ಹೊರಬಿದ್ದಿದ್ದರು. ಮರುವರ್ಷದ ವಿಶ್ವಕಪ್‌ನಲ್ಲಿ 461 ರನ್ ಗಳಿಸಿ ಎಲ್ಲ ದೇಶಗಳ ಬ್ಯಾಟುಗಾರರಿಗಿಂತ ಮುಂದೆ ನಿಂತರು.

2009ರಲ್ಲಿ ನಾಯಕತ್ವ ಕೈಬಿಟ್ಟಿತು. ದ್ರಾವಿಡ್ ಆಟಗಾರರಾಗಿ ಉಳಿದರು. ಅನಿಲ್ ಕುಂಬ್ಳೆ ನೇತೃತ್ವದಲ್ಲಿ ತಂಡ ಫೈನಲ್ ತಲುಪಿ 6 ರನ್‌ಗಳಿಂದ ಸೋತಿತು. ಕಪ್ಪಿಗಾಗಿ ಅಭಿಮಾನಿಗಳು 2025ರ ಜೂನ್ 3ರವರೆಗೆ ಕಾಯಬೇಕಾಯಿತು.

ಫಲಿತಾಂಶದ ದಿನ ಎಷ್ಟೋ ಮನೆಗಳಲ್ಲಿ ನಡೆಯುವುದೂ ಇದೇ. ಜಾಣ ಮಗುವಿನ ಮೇಲೇ ಹೆಚ್ಚು ಆಸೆ, ಒಂದು ವಿಷಯದಲ್ಲಿ ಎಡವಿದರೆ ಅದಕ್ಕೇ ಹೆಚ್ಚು ಬೈಗುಳ. ಬೈಯುವ ಮುನ್ನ ಅಂಕಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಓದಿ ನೋಡಬಾರದೇ?