ಹಳೆಯ ಧ್ವನಿಮುದ್ರಣ ತಂತ್ರಾಂಶ, ಹೊಸ ಗಣಕ: ಕಂಬಂ ಕಣಿವೆಯ ಕನ್ನಡವನ್ನು ಕುರಿತು

ತೇನಿ, ಕಂಬಂ ಕಣಿವೆ, ದಿಂಡಿಗಲ್ ಭಾಗಗಳಲ್ಲಿ ನೆಲೆಸಿರುವ ಕಾಪ್ಪಿಲಿಯರನ್ನೂ ಅನುಪ್ಪರನ್ನೂ ಥರ್ಸ್ಟನ್ 1909ರಲ್ಲೇ ಕನ್ನಡ ಮಾತಾಡುವ ಬೇಸಾಯಗಾರರೆಂದು ದಾಖಲಿಸಿದ್ದಾನೆ. ಇವರ ಓದುಬರಹ ತಮಿಳಿನಲ್ಲಿ, ಕನ್ನಡ ಮನೆಯೊಳಗಿನ ಮಾತು. ಹೀಗಾಗಿ ಈ ಉಪಭಾಷೆಯ ಅಧ್ಯಯನಕ್ಕೆ ಧ್ವನಿಮುದ್ರಿಕೆಯೇ ಮುಖ್ಯ ಆಕರ. ನನ್ನಂಥ ಕೆಲವರು ಇನ್ನೂ ಕೂಲ್ ಎಡಿಟ್‌ನಂಥ ಹಳೆಯ ತಂತ್ರಾಂಶವನ್ನೇ ಬಳಸುತ್ತೇವೆ. ಕೈ ಪಳಗಿದೆ, ಬಿಡೋಕೆ ಮನಸ್ಸು ಬರೋಲ್ಲ. ಅದನ್ನು ತಯಾರಿಸಿದ ಸಿಂಟ್ರಿಲಿಯಂ ಸಂಸ್ಥೆಯಿಂದ ಅಡೋಬಿ 2003ರಲ್ಲಿ ಅದನ್ನು ಕೊಂಡು 'ಆಡಿಷನ್' ಎಂದು ಹೆಸರಿಟ್ಟಿತು.

ತಂತ್ರಾಂಶವನ್ನು ಹೊಸ ವಿಂಡೋಸಿನಲ್ಲಿ ನಡೆಸುವುದು ದೊಡ್ಡ ಮಾತಲ್ಲ. ವಿಂಡೋಸ್ 3.1ರ ಕಾಲದ 16 ಬಿಟ್ ತಂತ್ರಾಂಶ 64 ಬಿಟ್ ವಿಂಡೋಸಿನಲ್ಲಿ ಏಳುವುದೇ ಇಲ್ಲ. 2021ರಲ್ಲಿ ಬಂದ ವಿಂಡೋಸ್ 11 ಪೂರ್ತಿ 64 ಬಿಟ್. 32 ಬಿಟ್‌ನದಾದರೆ ಗುಣಲಕ್ಷಣಗಳ ಪುಟದಲ್ಲಿ ಹೊಂದಾಣಿಕೆಯನ್ನು ಎಕ್ಸ್‌ಪಿಗೆ ಇಟ್ಟರೆ ಸಾಮಾನ್ಯವಾಗಿ ನಡೆಯುತ್ತೆ. ಮೈಕಿನ ಅನುಮತಿ ಮುಚ್ಚಿದ್ದರೆ ಮಾತ್ರ ಮುದ್ರಣ ಓಡುತ್ತಾ ಇರುತ್ತೆ, ಒಳಗೆ ಬರೀ ಮೌನ.

ಮೌನವಾದರೆ ಕೂಡಲೇ ಗೊತ್ತಾಗುತ್ತದೆ. ಗೊತ್ತಾಗದೆ ಹೋಗುವುದು ಬೇರೆ. 2007ರ ವಿಸ್ತಾದಿಂದೀಚೆಗೆ ಹಳೆಯ ತಂತ್ರಾಂಶಕ್ಕೆ ಧ್ವನಿ ನೇರವಾಗಿ ಸಿಗುವುದಿಲ್ಲ, ವಿಂಡೋಸಿನ ಕೈ ದಾಟಿ ಬರುತ್ತದೆ. ನಾವು ಸೆಕೆಂಡಿಗೆ 44,100 ಮಾದರಿ ಕೇಳಿದರೆ, ಮೈಕು ಎಷ್ಟು ಕೊಟ್ಟರೂ ವಿಂಡೋಸ್ ಅದನ್ನು 44,100ಕ್ಕೆ ಪರಿವರ್ತಿಸಿ ಒಪ್ಪಿಸುತ್ತದೆ. ಕಡತದ ಮೇಲೆ 44,100 ಎಂದೇ ಬರೆದಿರುತ್ತದೆ. ಬ್ಲೂಟೂತ್ ಮೈಕು ಕೊಟ್ಟದ್ದು ಬರೀ 8,000 ಆಗಿದ್ದರೆ, 4,000 ಹರ್ಟ್ಸ್‌ಗಿಂತ ಮೇಲೆ ಏನೂ ಇರುವುದಿಲ್ಲ. ಸಕಾರದ ಶಕ್ತಿ ಹೆಚ್ಚಾಗಿ ಇರೋದೇ ಅಲ್ಲಿ! ತಮಿಳಿನ ಸಂಪರ್ಕದಲ್ಲಿರುವ ಈ ಕನ್ನಡದಲ್ಲಿ ಸ, ಶ, ಚ ಬೆರೆಯುತ್ತವೆಯೇ ಎಂದು ಕೇಳುವವರಿಗೆ ಅಂಥ ಕಡತ ಉತ್ತರ ಹೇಳಲಾರದು.

ಇದಕ್ಕಿಂತ ಅಪಾಯಕಾರಿ ಧ್ವನಿ 'ಸುಧಾರಣೆ'. ಗದ್ದಲ ತಗ್ಗಿಸುವ ಈ ಸೌಲಭ್ಯ ಪದಾದಿಯ ಹಕಾರದ ಮೆಲುಉಸಿರನ್ನೂ ಗದ್ದಲವೆಂದೇ ಎಣಿಸಿ ಅಳಿಸಬಹುದು. ಅಜ್ಜಿ 'ಹಾಲು' ಅಂದದ್ದು ಕಡತದಲ್ಲಿ 'ಆಲು' ಆಗಿ ಕೇಳೀತು. ಹಕಾರಲೋಪ ತೆಂಕಣ ಕನ್ನಡದ ಆಡುಮಾತಿನಲ್ಲಿ ಸಹಜವಾಗಿಯೇ ಇರುವುದರಿಂದ ಯಾರೂ ಅನುಮಾನ ಪಡುವುದಿಲ್ಲ. ಉಪಭಾಷೆಗೆ ಇಲ್ಲದ ಲಕ್ಷಣವೊಂದು ಹೀಗೆ ನಮ್ಮ ಪಟ್ಟಿಯಲ್ಲಿ ಸೇರಿಬಿಡುತ್ತದೆ.

ಆದ್ದರಿಂದ ವಕ್ತೃಗಳ ಮುಂದೆ ಕೂರುವ ಮೊದಲು ಆ ಸುಧಾರಣೆಗಳನ್ನೆಲ್ಲ ಆರಿಸಿ, ತಂತಿಯ ಮೈಕು ಹಾಕಿ, ವಿಂಡೋಸಿನ ಮೈಕು ವ್ಯವಸ್ಥೆಯಲ್ಲೂ 44,100 ಎಂದೇ ಇಡಬೇಕು. ಆಮೇಲೆ ಸಸಿ, ಶಶಿ, ಹಾಲು, ಆಲು ಅಂತ ನಾವೇ ಹೇಳಿ ರೋಹಿತಚಿತ್ರದಲ್ಲಿ ನೋಡಬೇಕು. 4,000ದಲ್ಲೋ 8,000ದಲ್ಲೋ ಗೆರೆ ಎಳೆದ ಹಾಗೆ ಮೇಲ್ಭಾಗ ಖಾಲಿಯಿದ್ದರೆ ಮುದ್ರಣ ಬೇಡ. ತಂತ್ರಾಂಶ ಒಪ್ಪದಿದ್ದರೆ ಬೇರೆ ಮುದ್ರಣಯಂತ್ರದಲ್ಲಿ ವೇವ್ ಕಡತವಾಗಿ ಹಿಡಿದು, ಉಚಿತವಾಗಿ ಸಿಗುವ ಪ್ರಾಟ್‌ನಲ್ಲಿ ವಿಶ್ಲೇಷಿಸಬಹುದು.

ಹಾಗೆಂದು ಹಳೆಯದನ್ನು ಎಸೆಯುವಂತಿಲ್ಲ. ಕೂಲ್ ಎಡಿಟ್‌ನಲ್ಲಿ ಹಾಕಿದ ಗುರುತುಗಳು, ಯಾವ ಪದ ಎಲ್ಲಿದೆ ಎಂಬ ಟಿಪ್ಪಣಿಗಳು, ವೇವ್ ಕಡತದೊಳಗೇ ಇರುತ್ತವೆ. ಬೇರೆ ತಂತ್ರಾಂಶದಲ್ಲಿ ತೆರೆದು ಮತ್ತೆ ಉಳಿಸಿದರೆ ಅವು ಅಳಿದುಹೋಗಬಹುದು. ಮೊದಲು ಅವನ್ನು ಕಾಗದಕ್ಕೆ ಇಳಿಸಿಕೊಳ್ಳಿ, ಮೂಲ ಕಡತವನ್ನು ಮುಟ್ಟದೆ ಬೇರೆಡೆ ಇಡಿ.